ರಾಜನಿಲ್ಲದ ಹನ್ನೆರಡು ವರ್ಷ: ಸ್ವೀಡನ್ನಿನ ಚಾನ್ಸಲರ್ ಆಕ್ಸೆಲ್ ಒಕ್ಸೆನ್‌ಶೆರ್ನ

ಪ್ರಶ್ನೆ: ಯುರೋಪಿನ ಮೂವತ್ತು ವರ್ಷಗಳ ಯುದ್ಧದ ಬಗ್ಗೆ ಓದುತ್ತಿದ್ದೇನೆ. ಸ್ವೀಡನ್ನಿನ ದೊರೆ ಗುಸ್ತಾವ್ ಅಡಾಲ್ಫ್ 1632ರಲ್ಲಿ ರಣರಂಗದಲ್ಲೇ ಮಡಿದಾಗ ಅವನ ಒಬ್ಬಳೇ ಮಗಳಿಗೆ ಇನ್ನೂ ಆರು ವರ್ಷ ತುಂಬಿರಲಿಲ್ಲ. ಆದರೂ ಆ ಬಡ ದೇಶ ಮತ್ತೆ ಹದಿನಾರು ವರ್ಷ ಯುದ್ಧ ನಡೆಸಿ, ಕೊನೆಗೆ ಗೆದ್ದವರ ಸಾಲಿನಲ್ಲಿ ನಿಂತಿತು. ಇದಕ್ಕೆ ಆಕ್ಸೆಲ್ ಒಕ್ಸೆನ್‌ಶೆರ್ನ ಎಂಬ ಚಾನ್ಸಲರ್, ಅಂದರೆ ದೊರೆಯ ಕಡತ ಕಚೇರಿಗಳ ಮುಖ್ಯಸ್ಥ, ಕಾರಣ ಎಂದು ಓದಿದೆ. ಆತ ಯಾರು? ರಾಜಮನೆತನದ ನಿಷ್ಠಾವಂತ ಸೇವಕನೋ, ರಾಜನಿಲ್ಲದ ವೇಳೆ ನೋಡಿ ತನ್ನ ಕುಲದ ದೊರೆತನ ಕಟ್ಟಿಕೊಂಡವನೋ?

ಉತ್ತರ: ಒಕ್ಸೆನ್‌ಶೆರ್ನ ರಾಜನಿಗೆ ನಿಷ್ಠನಾಗಿದ್ದನೆಂಬುದೂ ನಿಜ, ತನ್ನ ಕುಲವನ್ನು ರಾಜ್ಯದ ನಡುಮನೆಯಲ್ಲಿ ಕೂರಿಸಿದನೆಂಬುದೂ ನಿಜ, ಅವನ ಬದುಕಿನಲ್ಲಿ ಈ ಎರಡನ್ನು ಬಿಡಿಸಿ ನೋಡಲು ಬರುವುದಿಲ್ಲ. ಅವನನ್ನು ಬಹುತೇಕರು ಯುದ್ಧದ ಮತ್ತು ಸಂಧಾನಗಳ ಲೆಕ್ಕದಲ್ಲಿ ಅಳೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅವನ ದೊಡ್ಡ ಕೆಲಸ ರಣರಂಗದಲ್ಲೂ ಇಲ್ಲ, ಸಂಧಾನದ ಮೇಜಿನ ಮೇಲೂ ಇಲ್ಲ. ದೊರೆ ಊರಲ್ಲಿರಲಿ, ಹೊರನಾಡಿನಲ್ಲಿರಲಿ, ಸತ್ತೇ ಹೋಗಿರಲಿ, ನಾಳೆ ಬೆಳಗ್ಗೆ ಕಚೇರಿ ತೆರೆಯಬೇಕು, ಕಡತ ನಡೆಯಬೇಕು, ತೀರ್ಮಾನ ದಾಖಲಾಗಬೇಕು ಎಂಬ ಏರ್ಪಾಟನ್ನು ಒಂದು ರಾಜ್ಯಕ್ಕೆ ಕಲಿಸಿಕೊಟ್ಟದ್ದು ಅವನ ನಿಜವಾದ ಸಾಧನೆ. ಹದಿನೇಳನೆಯ ಶತಮಾನದ ಮೊದಲ ಅರ್ಧದಲ್ಲಿ ಯುರೋಪಿನಲ್ಲಿ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಆಕ್ಸೆಲ್ ಹುಟ್ಟಿದ್ದು 1583ರ ಜೂನ್ 16ರಂದು, ಉಪ್ಲಾಂಡ್ ಪ್ರಾಂತದ ಫೋನೆ ಎಂಬಲ್ಲಿ. ತಂದೆ ಗುಸ್ತಾವ್ ಗೇಬ್ರಿಯೆಲ್ಸನ್, ತಾಯಿ ಬಾರ್ಬ್ರೋ ಬಿಯೆಲ್ಕೆ. ಎರಡೂ ಕಡೆಯವರು ರಾಜಪರಿಷತ್ತಿನಲ್ಲಿ ಕುಳಿತುಬಂದ ಹಳೆಯ ಮನೆತನಗಳಿಗೆ ಸೇರಿದವರು. ತಂದೆ 1597ರಲ್ಲಿ ತೀರಿಕೊಂಡ ಮೇಲೆ ತಾಯಿ ಮಕ್ಕಳನ್ನು ಜರ್ಮನಿಗೆ ಓದಲು ಕಳಿಸಿದಳು. ರೋಸ್ಟಾಕ್, ವಿಟೆನ್‌ಬರ್ಗ್, ಯೇನಾ ವಿಶ್ವವಿದ್ಯಾಲಯಗಳಲ್ಲಿ ಅವನು ಧರ್ಮಶಾಸ್ತ್ರ, ಇತಿಹಾಸ, ರಾಜನೀತಿ, ಲ್ಯಾಟಿನ್ ಕಲಿತ. ಅವನು ಅಲ್ಲಿ ಪುಸ್ತಕ ಹಿಡಿದು ಕೂತಿದ್ದ ಕಾಲದಲ್ಲೇ ತಾಯ್ನಾಡಿನಲ್ಲಿ ಕುಲೀನರ ಎದೆ ನಡುಗಿಸುವ ಘಟನೆಯೊಂದು ನಡೆಯಿತು. ಅಣ್ಣನ ಮಗನಾದ ಸಿಗಿಸ್ಮಂಡನಿಂದ ಅಧಿಕಾರ ಕಿತ್ತುಕೊಂಡಿದ್ದ ಡ್ಯೂಕ್ ಕಾರ್ಲ್, 1600ರ ಮಾರ್ಚ್‌ನಲ್ಲಿ ಲಿನ್‌ಶೆಪಿಂಗ್ ಪಟ್ಟಣದಲ್ಲಿ ಸಿಗಿಸ್ಮಂಡನ ಪಕ್ಷದ ನಾಲ್ವರು ರಾಜಪರಿಷತ್ ಸದಸ್ಯರ ತಲೆ ಕಡಿಸಿದ. ಮುಂದೆ ಇದೇ ಕಾರ್ಲ್ ಒಂಬತ್ತನೆಯ ಕಾರ್ಲ್ ಎಂಬ ಹೆಸರಿನಲ್ಲಿ ದೊರೆಯಾದ. ಓದು ಮುಗಿಸಿ 1603ರಲ್ಲಿ ಮರಳಿದ ಒಕ್ಸೆನ್‌ಶೆರ್ನ ನಿಷ್ಠೆಯ ಪ್ರಮಾಣ ಮಾಡಬೇಕಾದದ್ದು ಅವನ ಎದುರಿನಲ್ಲೇ. ದೊರೆಯ ಸಂಶಯ ಒಂದು ಕಡೆ, ಕುಲೀನರ ಭಯ ಇನ್ನೊಂದು ಕಡೆ ಇದ್ದ ಆ ಆಸ್ಥಾನದಲ್ಲಿ ಅವನು ಖಜಾನೆಯ ಕೆಲಸದಿಂದ ಆರಂಭಿಸಿ, ರಾಯಭಾರಗಳಿಗೆ ಹೋಗಿ, 1609ರಲ್ಲಿ ಇಪ್ಪತ್ತಾರನೆಯ ವಯಸ್ಸಿಗೆ ರಾಜಪರಿಷತ್ತಿಗೆ ಬಂದ. ಅದಕ್ಕೆ ಒಂದು ವರ್ಷ ಮೊದಲು ಆನ್ನಾ ಬೋತ್ ಎಂಬಾಕೆಯೊಂದಿಗೆ ಮದುವೆಯಾಗಿತ್ತು.

ಲಿನ್‌ಶೆಪಿಂಗ್‌ನ ನೆನಪು ಇಲ್ಲದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಕಾರ್ಲ್ 1611ರ ಅಕ್ಟೋಬರ್ 30ರಂದು ತೀರಿಕೊಂಡಾಗ ಮಗ ಗುಸ್ತಾವ್ ಅಡಾಲ್ಫನಿಗೆ ಹದಿನೇಳೂ ತುಂಬಿರಲಿಲ್ಲ. ಡೆನ್ಮಾರ್ಕ್, ರಷ್ಯ, ಪೋಲೆಂಡ್ ಮೂರರೊಂದಿಗೂ ಕದನ ನಡೆಯುತ್ತಿತ್ತು. ಕುಲೀನರಿಗೆ ತಮ್ಮ ತಲೆ ಉಳಿಸಿಕೊಳ್ಳುವ ಖಾತರಿ ಬೇಕಿತ್ತು, ಹುಡುಗನಿಗೆ ಸಿಂಹಾಸನ ಬೇಕಿತ್ತು. ಒಕ್ಸೆನ್‌ಶೆರ್ನನ ನೇತೃತ್ವದಲ್ಲಿ ಸಿದ್ಧವಾದ ಪಟ್ಟಾಭಿಷೇಕದ ವಚನಪತ್ರಕ್ಕೆ ಹೊಸ ದೊರೆ ಸಹಿ ಹಾಕಿದ. ರಾಜಪರಿಷತ್ತಿನ ಮತ್ತು ರಿಕ್ಸ್‌ದಾಗ್ ಎಂಬ ವರ್ಗಸಭೆಯ ಒಪ್ಪಿಗೆಯಿಲ್ಲದೆ ಕಾನೂನು ಮಾಡುವಂತಿಲ್ಲ, ಯುದ್ಧ ಹೂಡುವಂತಿಲ್ಲ, ಹೊಸ ತೆರಿಗೆ ಹೇರುವಂತಿಲ್ಲ. ಉನ್ನತ ಹುದ್ದೆಗಳು ದೇಶದ ಕುಲೀನರಿಗೆ ಮೀಸಲು. ದೊರೆಯ ಕೈ ಕಟ್ಟುವ ಈ ಪತ್ರ ರೂಪಿಸಿದವನನ್ನೇ 1612ರ ಜನವರಿ 6ರಂದು ದೊರೆ ತನ್ನ ಚಾನ್ಸಲರ್ ಆಗಿ ನೇಮಿಸಿದ. ಆಗ ಒಕ್ಸೆನ್‌ಶೆರ್ನನಿಗೆ ಇಪ್ಪತ್ತೆಂಟು ವರ್ಷ. ಸಾಯುವವರೆಗೆ, ಅಂದರೆ ನಲವತ್ತೆರಡು ವರ್ಷ, ಅವನು ಆ ಪೀಠದಿಂದ ಇಳಿಯಲಿಲ್ಲ.

ಈ ಪತ್ರ ದೊರೆಗೂ ಕುಲೀನರಿಗೂ ನಡುವೆ ಹೊಸ ಜಗಳದ ಬೀಜವಾಗಬಹುದಿತ್ತು. ಹಾಗಾಗಲಿಲ್ಲ, ಗುಸ್ತಾವ್ ಅಡಾಲ್ಫ್ ಅದರ ಅಕ್ಷರಗಳನ್ನು ಹಲವು ಬಾರಿ ದಾಟಿದರೂ ಪರಿಷತ್ತನ್ನು ಜೊತೆಗಿಟ್ಟುಕೊಂಡೇ ದಾಟಿದ. ದೊರೆ ಬಿಸಿರಕ್ತದವನು, ಚಾನ್ಸಲರ್ ತಣ್ಣಗಿನವನು ಎಂಬ ಮಾತು ಅವರ ಕಾಲದಿಂದಲೂ ಪ್ರಚಲಿತ. ನಾವೆಲ್ಲ ನಿನ್ನಷ್ಟು ತಣ್ಣಗಿದ್ದರೆ ಹೆಪ್ಪುಗಟ್ಟಿ ಹೋಗುತ್ತಿದ್ದೆವು ಎಂದು ದೊರೆ ಹೇಳಿದನಂತೆ, ಎಲ್ಲರೂ ತಮ್ಮಷ್ಟು ಕಾದಿದ್ದರೆ ಸುಟ್ಟುಹೋಗುತ್ತಿದ್ದೆವು ಎಂದು ಚಾನ್ಸಲರ್ ಉತ್ತರಿಸಿದನಂತೆ. ಮಾತು ಹೀಗೇ ನಡೆಯಿತೋ ಇಲ್ಲವೋ, ಇಬ್ಬರ ಕೆಲಸದ ಹಂಚಿಕೆ ಇದಕ್ಕೆ ಹೊಂದುತ್ತದೆ. 1614ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ವಿಯಾ ಮೇಲ್ಮನವಿ ನ್ಯಾಯಾಲಯ ಬಂತು. 1617ರಲ್ಲಿ ಕುಲೀನರು, ಪಾದ್ರಿಗಳು, ಪಟ್ಟಣಿಗರು, ರೈತರು ಎಂಬ ನಾಲ್ಕು ವರ್ಗಗಳು ರಿಕ್ಸ್‌ದಾಗ್ ಸಭೆಯಲ್ಲಿ ಹೇಗೆ ಕೂಡಬೇಕು, ಹೇಗೆ ಉತ್ತರ ಕೊಡಬೇಕು ಎಂಬ ಕ್ರಮ ಬರಹಕ್ಕಿಳಿಯಿತು. ಮರುವರ್ಷ ಚಾನ್ಸಲರಿಯ ಮತ್ತು ಖಜಾನೆಯ ನಿಯಮಾವಳಿಗಳು ಬಂದವು. 1626ರಲ್ಲಿ ಕುಲೀನರ ಸಭೆಗೇ ಶಾಸನವಾಗಿ, ಯಾವ ಮನೆತನ ಯಾವ ದರ್ಜೆಯಲ್ಲಿ ಕೂರಬೇಕೆಂಬುದು ಸಹ ನಿಗದಿಯಾಯಿತು.

ಇವೆಲ್ಲಕ್ಕೂ ಹಣ ಬೇಕಿತ್ತು, ದೇಶದಲ್ಲಿ ಇಲ್ಲದ್ದು ಅದೇ. 1613ರ ಜನವರಿಯಲ್ಲಿ ಕ್ನೇರೆಡ್ ಎಂಬಲ್ಲಿ ಒಕ್ಸೆನ್‌ಶೆರ್ನ ಡೆನ್ಮಾರ್ಕಿನೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರಕಾರ, ಪಶ್ಚಿಮ ಕರಾವಳಿಯಲ್ಲಿ ಸ್ವೀಡನ್ನಿಗಿದ್ದ ಏಕೈಕ ಬಾಗಿಲಾದ ಎಲ್ವ್ಸ್‌ಬೋರಿ ಕೋಟೆಯನ್ನು ಬಿಡಿಸಿಕೊಳ್ಳಲು ಆರು ವರ್ಷಗಳಲ್ಲಿ ಹತ್ತು ಲಕ್ಷ ಬೆಳ್ಳಿಯ ರಿಕ್ಸ್‌ದಾಲರ್ ಕಟ್ಟಬೇಕಿತ್ತು. ಅರಮನೆಯ ಬೆಳ್ಳಿ ಪಾತ್ರೆಗಳು ಟಂಕಸಾಲೆಗೆ ಹೋದವು, ದೊರೆಯಿಂದ ಹಿಡಿದು ಕೂಲಿಯಾಳಿನವರೆಗೆ ತಲೆಗೆ ತೆರಿಗೆ ಬಿತ್ತು, ಡಚ್ಚರಿಂದ ಸಾಲ ತಂದದ್ದಾಯಿತು, ಫಾಲುನ್ ಗಣಿಯ ತಾಮ್ರ ಹೊರದೇಶಕ್ಕೆ ಹೋಯಿತು. 1619ಕ್ಕೆ ಕೊನೆಯ ಕಂತು ತೀರಿತು. ಈ ಆರು ವರ್ಷಗಳ ಇಕ್ಕಟ್ಟು ಒಕ್ಸೆನ್‌ಶೆರ್ನನಿಗೆ ಒಂದು ಪಾಠ ಕಲಿಸಿತೆಂದು ನನಗೆ ತೋರುತ್ತದೆ: ರೈತ ತಂದು ಸುರಿಯುವ ಧಾನ್ಯ, ಬೆಣ್ಣೆ, ತೊಗಲಿಗಿಂತ ಬಂದರಿನ ಸುಂಕವಾಗಿ ಕೈಗೆ ಬರುವ ನಗದೇ ರಾಜ್ಯಕ್ಕೆ ಬೇಕಾದದ್ದು. 1626ರಿಂದ 1631ರವರೆಗೆ ಪ್ರಷ್ಯದ ಎಲ್ಬಿಂಗ್ ಪಟ್ಟಣದಲ್ಲಿ ಗವರ್ನರ್ ಜನರಲ್ ಆಗಿದ್ದಾಗ ಅವನು ಮಾಡಿದ್ದೂ ಅದನ್ನೇ. ಪೋಲೆಂಡಿನ ಧಾನ್ಯ ಹೊರಹೋಗುವ ಬಂದರುಗಳಲ್ಲಿ ಸುಂಕ ಎತ್ತುವ ಹಕ್ಕನ್ನು 1629ರ ಆಲ್ಟ್‌ಮಾರ್ಕ್ ಕದನವಿರಾಮದಲ್ಲಿ ಗಿಟ್ಟಿಸಿಕೊಂಡು, ಮರುವರ್ಷ ಜರ್ಮನಿಗೆ ಇಳಿದ ದೊರೆಯ ಸೇನೆಗೆ ಹಣವನ್ನೂ ಧಾನ್ಯವನ್ನೂ ಅಲ್ಲಿಂದ ಒದಗಿಸಿದ. ಫ್ರಾನ್ಸ್ 1631ರ ಬೇರ್ವಾಲ್ಡೆ ಒಪ್ಪಂದದಲ್ಲಿ ವರ್ಷಕ್ಕೆ ನಾಲ್ಕು ಲಕ್ಷ ರಿಕ್ಸ್‌ದಾಲರ್ ಕೊಡಲು ಒಪ್ಪಿದ್ದು ಇದರ ಮೇಲೆ ಬಂದ ನೆರವು.

ಗುಸ್ತಾವ್ ಅಡಾಲ್ಫ್ ಮಡಿದ ಲ್ಯುಟ್ಸೆನ್ ಕದನ ನಡೆದದ್ದು 1632ರ ನವೆಂಬರ್ 6ರಂದು. (ಸ್ವೀಡನ್ನಿನಲ್ಲಿ ಆಗ ಹಳೆಯ ಪಂಚಾಂಗವಿತ್ತು, ಹೊಸ ಪಂಚಾಂಗ ಬಳಸುವ ಪುಸ್ತಕಗಳಲ್ಲಿ 16 ಎಂದಿರುತ್ತದೆ, ಗೊಂದಲ ಬೇಡ.) ದೊರೆ ಸತ್ತ ಸುದ್ದಿ ಬಂದಾಗ ನಲವತ್ತೊಂಬತ್ತು ವರ್ಷದ ಚಾನ್ಸಲರ್ ಜರ್ಮನಿಯಲ್ಲೇ ಇದ್ದ. ಅವನ ಕೈಯಲ್ಲಿದ್ದುದು ಸಂಬಳ ಬಾಕಿಯಿದ್ದ ಬಾಡಿಗೆ ಸೇನೆ, ಒಬ್ಬರನ್ನೊಬ್ಬರು ನಂಬದ ಪ್ರೊಟೆಸ್ಟಂಟ್ ಸಂಸ್ಥಾನಿಕರು, ಮತ್ತು ಸಮುದ್ರದಾಚೆ ಒಬ್ಬ ಪುಟ್ಟ ಹುಡುಗಿಯ ಹೆಸರಿನ ಸಿಂಹಾಸನ. ಸ್ಟಾಕ್‌ಹೋಮ್‌ನ ಪರಿಷತ್ತು ಅವನಿಗೆ ಪೂರ್ಣಾಧಿಕಾರ ಕೊಟ್ಟಿತು. 1633ರ ಏಪ್ರಿಲ್‌ನಲ್ಲಿ ಹೈಲ್‌ಬ್ರಾನ್‌ನಲ್ಲಿ ದಕ್ಷಿಣ ಮತ್ತು ಪಶ್ಚಿಮ ಜರ್ಮನಿಯ ಪ್ರೊಟೆಸ್ಟಂಟರನ್ನು ಒಂದು ಒಕ್ಕೂಟಕ್ಕೆ ಸೇರಿಸಿ, ತಾನೇ ಅದರ ನಿರ್ದೇಶಕನಾದ. ರಾಜವಂಶದವನಲ್ಲದ ಒಬ್ಬ ಸ್ವೀಡಿಷ್ ಅಧಿಕಾರಿಯ ಮುಂದೆ ಜರ್ಮನ್ ರಾಜಕುಮಾರರು ಬಂದು ನಿಲ್ಲಬೇಕಾದದ್ದು ಅವರಲ್ಲಿ ಹಲವರಿಗೆ ನುಂಗಲಾರದ ತುತ್ತಾಗಿತ್ತು.

ಆ ಒಕ್ಕೂಟ ಬಾಳಿದ್ದು ಒಂದೂವರೆ ವರ್ಷ. 1634ರ ಸೆಪ್ಟೆಂಬರ್ ಮೊದಲ ವಾರದಲ್ಲಿ ನೋರ್ಡ್ಲಿಂಗೆನ್ ಬಳಿ ಸ್ವೀಡಿಷ್ ಪಡೆ ನುಚ್ಚುನೂರಾಯಿತು. ಬದುಕಿನಲ್ಲಿ ತನಗೆ ನಿದ್ದೆ ಬಾರದ ರಾತ್ರಿಗಳು ಎರಡೇ, ಒಂದು ದೊರೆ ಸತ್ತ ಸುದ್ದಿ ಬಂದದ್ದು, ಇನ್ನೊಂದು ನೋರ್ಡ್ಲಿಂಗೆನ್ ಸೋಲಿನದು ಎಂದು ಮುಪ್ಪಿನಲ್ಲಿ ಅವನು ಇಂಗ್ಲೆಂಡಿನ ರಾಯಭಾರಿ ಬುಲ್‌ಸ್ಟ್ರೋಡ್ ವೈಟ್‌ಲಾಕನಿಗೆ ಹೇಳಿದನೆಂದು ತಿಳಿದುಬರುತ್ತದೆ. ಮಿತ್ರರು ಒಬ್ಬೊಬ್ಬರಾಗಿ ಸ್ವೀಡನ್ನಿನ ಎದುರಾಳಿಯಾದ ಜರ್ಮನಿಯ ಕ್ಯಾಥೊಲಿಕ್ ಚಕ್ರವರ್ತಿಯ ಕಡೆ ಸರಿದು, 1635ರ ಪ್ರಾಗ್ ಒಪ್ಪಂದಕ್ಕೆ ಸೇರಿಕೊಂಡರು. ಅದೇ ವಸಂತದಲ್ಲಿ ಒಕ್ಸೆನ್‌ಶೆರ್ನ ಫ್ರಾನ್ಸಿನ ಕೊಂಪಿಯೆನ್ಯಿಗೆ ಹೋಗಿ ಅಲ್ಲಿನ ಮುಖ್ಯಮಂತ್ರಿ ಕಾರ್ಡಿನಲ್ ರಿಶೆಲ್ಯೂನನ್ನು ಮುಖತಃ ಕಂಡ. ಬೇಸಿಗೆಯ ಕೊನೆಗೆ ಮಾಗ್ಡೆಬುರ್ಗ್ ಬಳಿಯ ಶಿಬಿರದಲ್ಲಿ ಅವನದೇ ಸೇನಾಧಿಕಾರಿಗಳು ಬಾಕಿ ಸಂಬಳಕ್ಕಾಗಿ ಅವನನ್ನು ಒತ್ತೆಯಾಳಿನಂತೆ ಹಿಡಿದಿಟ್ಟರು. ಅವರ ಬಾಕಿ ತೀರದೆ ಶಾಂತಿ ಮಾಡಿಕೊಳ್ಳುವುದಿಲ್ಲ ಎಂದು ಅವನು ಮಾತು ಕೊಡಬೇಕಾಯಿತು. ಆ ವರ್ಷವೇ ಪ್ರಷ್ಯದ ಬಂದರುಗಳ ಸುಂಕವೂ ಸ್ಟುಮ್ಸ್‌ಡೋರ್ಫ್ ಒಪ್ಪಂದದಲ್ಲಿ ಕೈತಪ್ಪಿತು. ಸ್ವೀಡನ್ ಯಾಕೆ ಯುದ್ಧ ಬಿಟ್ಟು ಹೊರಬರಲಿಲ್ಲ ಎಂಬ ಪ್ರಶ್ನೆಗೆ ಧರ್ಮ, ಗೌರವ, ಭದ್ರತೆ ಎಂಬ ಉತ್ತರಗಳೆಲ್ಲ ಇವೆ. ಆದರೆ ಹೊರಬರಲು ಸಹ ಹಣ ಬೇಕಿತ್ತು ಎಂಬುದನ್ನು ಮಾಗ್ಡೆಬುರ್ಗ್ ಶಿಬಿರದಷ್ಟು ನಿಚ್ಚಳವಾಗಿ ಬೇರಾವುದೂ ತೋರಿಸುವುದಿಲ್ಲ. ಯುದ್ಧ ಮುಗಿಸಿದ 1648ರ ವೆಸ್ಟ್‌ಫೇಲಿಯಾ ಒಪ್ಪಂದದಲ್ಲಿ ಸ್ವೀಡನ್ ಕೇಳಿ ಪಡೆದ ಐವತ್ತು ಲಕ್ಷ ರಿಕ್ಸ್‌ದಾಲರ್ ಸೈನಿಕರ ಈ ಬಾಕಿಗಾಗಿಯೇ.

ಜರ್ಮನಿಯಲ್ಲಿ ಇಷ್ಟೆಲ್ಲ ನಡೆಯುತ್ತಿರುವಾಗಲೇ ಸ್ವೀಡನ್ನಿನಲ್ಲಿ 1634ರ ಜುಲೈ 29ರಂದು ಹೊಸ ಆಡಳಿತ ಶಾಸನಕ್ಕೆ ಒಪ್ಪಿಗೆ ಸಿಕ್ಕಿತು. ಅದರ ಕರಡು ಬರೆದು ಜರ್ಮನಿಯಿಂದ ಕಳಿಸಿದವನು ಒಕ್ಸೆನ್‌ಶೆರ್ನ. ಸತ್ತ ದೊರೆ ಇದನ್ನು ಒಪ್ಪಿದ್ದ ಎಂಬುದು ಅವನ ಮಾತು. ರಾಜ್ಯದ ಕೆಲಸವನ್ನೆಲ್ಲ ಐದು ಕೊಲಿಜಿಯಂಗಳಿಗೆ ಹಂಚಲಾಯಿತು: ನ್ಯಾಯ, ಸೇನೆ, ನೌಕಾಬಲ, ಚಾನ್ಸಲರಿ, ಖಜಾನೆ. ಪ್ರತಿಯೊಂದಕ್ಕೂ ಒಬ್ಬ ಉನ್ನತಾಧಿಕಾರಿ ಮುಖ್ಯಸ್ಥ, ಅವನ ಜೊತೆ ಸದಸ್ಯರು. ತೀರ್ಮಾನ ಒಬ್ಬನ ಬಾಯಿಮಾತಲ್ಲ, ಎಲ್ಲರೂ ಕೂತು ಚರ್ಚಿಸಿ ಬರಹಕ್ಕಿಳಿಸಿದ್ದು. ದೇಶವನ್ನು ಜಿಲ್ಲೆಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಗವರ್ನರನನ್ನು ನೇಮಿಸಿ, ಅವನ ಕೈಗೆ ಸೇನೆಯ ಅಧಿಕಾರ ಸಿಗದಂತೆ ನೋಡಿಕೊಳ್ಳಲಾಯಿತು. ದೊರೆ ಅಪ್ರಾಪ್ತನಾಗಿದ್ದರೆ, ಕಾಯಿಲೆ ಬಿದ್ದರೆ, ಹೊರದೇಶದಲ್ಲಿದ್ದರೆ ಐವರು ಉನ್ನತಾಧಿಕಾರಿಗಳು ಸೇರಿ ರಾಜ್ಯ ನಡೆಸಬೇಕು ಎಂಬುದು ಇದರ ಮುಖ್ಯ ಅಂಶ. ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಇಲ್ಲಿದೆ. ಆರು ವರ್ಷದ ರಾಣಿಯ ರಾಜ್ಯ ನಡೆಯಿತೆಂದರೆ ನಡೆಸಲು ಐದು ಕಚೇರಿಗಳಿದ್ದವು.

ಪ್ರಶ್ನೆಯ ಕೊನೆಯ ಭಾಗದ ಉತ್ತರವೂ ಅದರೊಳಗೇ ಇದೆ. ಆ ಐವರು ಯಾರೆಂದು ನೋಡಿ. ನ್ಯಾಯದ ಮುಖ್ಯಸ್ಥ ಗೇಬ್ರಿಯೆಲ್ ಗುಸ್ತಾಫ್ಸನ್ ಒಕ್ಸೆನ್‌ಶೆರ್ನ, ಚಾನ್ಸಲರನ ಒಡಹುಟ್ಟಿದ ತಮ್ಮ. ಖಜಾನೆಯ ಮುಖ್ಯಸ್ಥ ಗೇಬ್ರಿಯೆಲ್ ಬೆಂಗ್ಟ್‌ಸನ್ ಒಕ್ಸೆನ್‌ಶೆರ್ನ, ದಾಯಾದಿ. ಸೇನೆಗೆ ಯಾಕೋಬ್ ಡೆ ಲಾ ಗಾರ್ಡಿ, ನೌಕಾಬಲಕ್ಕೆ ಸತ್ತ ದೊರೆಯ ಮಲಸೋದರ ಕಾರ್ಲ್ ಗುಲೆನ್‌ಹೆಲ್ಮ್. ಐವರು ರಾಜಪ್ರತಿನಿಧಿಗಳಲ್ಲಿ ಮೂವರು ಒಂದೇ ಮನೆತನದವರು. ಹೊಟ್ಟೆಕಿಚ್ಚು, ಗುಸುಗುಸು ಸಹಜವಾಗಿ ಇತ್ತು. ಇದನ್ನು ನಾನು ಮುಚ್ಚಿಡಲಾರೆ, ಹಾಗೆಂದು ಇದೊಂದನ್ನೇ ಹಿಡಿದು ಆ ಶಾಸನವನ್ನು ಮನೆತನದ ಹುನ್ನಾರವೆಂದು ತಳ್ಳಿಹಾಕಲಾರೆ. ಸ್ವಂತಕ್ಕೆ ಮಾತ್ರ ಅಧಿಕಾರ ಬೇಕಾದವನು ಎಲ್ಲ ತೀರ್ಮಾನಗಳನ್ನೂ ನಡಾವಳಿ ಪುಸ್ತಕದಲ್ಲಿ ಬರೆಸುವುದಿಲ್ಲ, ಸದಸ್ಯರ ಮತಕ್ಕೆ ಒಳಪಡಿಸುವುದಿಲ್ಲ.

ಕಚೇರಿ ಅಂದರೆ ಕಾಗದ. ಕಾಗದ ಓಡಾಡದಿದ್ದರೆ ಕಚೇರಿ ಕುರುಡು. 1636ರ ಫೆಬ್ರವರಿ 20ರಂದು ರಾಜಪ್ರತಿನಿಧಿಗಳ ಆಡಳಿತ ಹೊರಡಿಸಿದ ಅಂಚೆ ಶಾಸನ ನನಗೆ ಈ ಕಾಲದ ಅತ್ಯಂತ ಸ್ಪಷ್ಟ ಚಿತ್ರ ಕೊಡುತ್ತದೆ. ಜರ್ಮನಿಯ ಸುದ್ದಿ ಹ್ಯಾಂಬರ್ಗ್‌ನಿಂದ ಸ್ಟಾಕ್‌ಹೋಮ್‌ಗೆ ಬೇಗ ತಲುಪಬೇಕಿತ್ತು. ಅದಕ್ಕಾಗಿ ಹೆದ್ದಾರಿಯುದ್ದಕ್ಕೂ ಇಪ್ಪತ್ತು ಮೂವತ್ತು ಕಿಲೋಮೀಟರಿಗೊಬ್ಬ ರೈತನನ್ನು ಗೊತ್ತುಮಾಡಿ, ಅವನಿಗೆ ಕೆಲವು ಸರ್ಕಾರಿ ಹೊರೆಗಳಿಂದ ವಿನಾಯಿತಿ ಕೊಟ್ಟು, ಅಂಚೆ ಚೀಲ ದಾಟಿಸುವ ಕೆಲಸ ಒಪ್ಪಿಸಲಾಯಿತು. ಕೊಂಬಿನ ಸದ್ದು ಕೇಳಿಸುತ್ತಲೇ ಅವನ ಆಳು ಚೀಲ ಹಿಡಿದು ಮುಂದಿನ ಮನೆಗೆ ಓಡಬೇಕು. ಒಂದು ಸ್ವೀಡಿಷ್ ಮೈಲಿ, ಅಂದರೆ ಸುಮಾರು ಹತ್ತೂವರೆ ಕಿಲೋಮೀಟರ್, ಎರಡು ಗಂಟೆಯಲ್ಲಿ ದಾಟದಿದ್ದರೆ ಬರೀ ನೀರು ರೊಟ್ಟಿಯ ಮೇಲೆ ಎಂಟು ದಿನ ಸೆರೆಮನೆ.

ಆ ಆಳಿನ ಓಟ ನೆನೆದಾಗ ಈ ರಾಜ್ಯಯಂತ್ರವನ್ನು ಹೊತ್ತವರು ಯಾರೆಂಬುದೂ ನೆನಪಾಗಬೇಕು. ಸಣ್ಣ ದೇಶ ದೊಡ್ಡ ಯುದ್ಧ ಮಾಡಲು ಹಳ್ಳಿಹಳ್ಳಿಯಿಂದ ಕಡ್ಡಾಯವಾಗಿ ಗಂಡಾಳುಗಳನ್ನು ಎತ್ತುತ್ತಿತ್ತು. ಉತ್ತರದ ವೆಸ್ಟರ್‌ಬೊಟೆನ್ ಪ್ರಾಂತದ ಬುಗ್ದೆಯೊ ಎಂಬ ಒಂದು ಪ್ಯಾರಿಷ್‌ನ (ಒಂದು ಚರ್ಚಿಗೆ ಸೇರಿದ ಹಳ್ಳಿಗಳ) ಲೆಕ್ಕ ಉಳಿದುಬಂದಿದೆ: 1621ರಿಂದ 1639ರ ನಡುವೆ ಅಲ್ಲಿಂದ ಹೊರದೇಶದ ಯುದ್ಧಕ್ಕೆ ಹೋದವರು 230 ಮಂದಿ, ಸತ್ತವರು 215. ಬಹುಪಾಲು ಜನ ಸತ್ತದ್ದು ಕತ್ತಿಗಲ್ಲ, ಕೋಟೆಯ ಕಾವಲಿನಲ್ಲಿ ಬಂದ ರೋಗಕ್ಕೆ. ಕಚೇರಿಗಳು ಚೆನ್ನಾಗಿ ನಡೆದದ್ದರಿಂದಲೇ ಈ ಎತ್ತುವಳಿಯೂ ಚೆನ್ನಾಗಿ ನಡೆಯಿತು, ಅದರ ಲೆಕ್ಕವೂ ನಮಗೆ ಉಳಿಯಿತು. ಒಕ್ಸೆನ್‌ಶೆರ್ನನ ಆಡಳಿತವನ್ನು ಹೊಗಳುವ ಯಾರೇ ಆಗಲಿ ಬುಗ್ದೆಯೊದ ಹೆಸರು ಹೇಳದೆ ಹೊಗಳಬಾರದು ಎಂಬುದು ನನ್ನ ಗಟ್ಟಿ ನಿಲುವು.

1636ರ ಬೇಸಿಗೆಯಲ್ಲಿ ಅವನು ಹತ್ತು ವರ್ಷಗಳ ಹೊರನಾಡಿನ ವಾಸ ಮುಗಿಸಿ ಮರಳಿದ. ಬಾಲರಾಣಿ ಕ್ರಿಸ್ಟಿನಾಳಿಗೆ ಪ್ರತಿದಿನವೆಂಬಂತೆ ರಾಜಕಾರಣದ ಪಾಠ ಹೇಳಿದವನು ಅವನೇ. ಆಕೆ ಅತ್ಯಂತ ಚುರುಕಿನ ಶಿಷ್ಯೆ. 1644ರ ಡಿಸೆಂಬರ್‌ನಲ್ಲಿ ಹದಿನೆಂಟು ತುಂಬಿ ಅಧಿಕಾರ ವಹಿಸಿಕೊಂಡ ಮೇಲೆ ಗುರುವಿಗೇ ಮೊದಲ ಎದುರಾಳಿಯಾದಳು. ಆ ಹೊತ್ತಿಗೆ ಡೆನ್ಮಾರ್ಕಿನ ಮೇಲೆ ಘೋಷಣೆಯಿಲ್ಲದೆ ದಾಳಿ ಮಾಡಿಸಿದ್ದ ಚಾನ್ಸಲರ್, 1645ರಲ್ಲಿ ಬ್ರೆಮ್ಸೆಬ್ರೂದಲ್ಲಿ ತಾನೇ ಕೂತು ಯೆಮ್ಟ್‌ಲಾಂಡ್, ಹೇರ್‌ಯೆಡಾಲೆನ್, ಗೊಟ್‌ಲಾಂಡ್, ಎಸೆಲ್ ಪ್ರದೇಶಗಳನ್ನೂ ಮೂವತ್ತು ವರ್ಷಕ್ಕೆ ಹಾಲಾಂಡನ್ನೂ ಪಡೆದು, ಮೂವತ್ತೆರಡು ವರ್ಷದ ಹಿಂದಿನ ಕ್ನೇರೆಡ್‌ನ ಅವಮಾನಕ್ಕೆ ಉತ್ತರ ಕೊಟ್ಟ. ರಾಣಿ ಅವನನ್ನು ಸೋಡರ್‌ಮೋರೆಯ ಕೌಂಟ್ ಮಾಡಿದಳು. ಆದರೆ ವೆಸ್ಟ್‌ಫೇಲಿಯಾ ಸಂಧಾನದಲ್ಲಿ ಇಬ್ಬರ ದಾರಿ ಬೇರೆಯಾಯಿತು. ಸ್ವೀಡನ್ನಿನ ಮುಖ್ಯ ಪ್ರತಿನಿಧಿ ಚಾನ್ಸಲರನ ಮಗ ಯೋಹಾನ್. ಜೊತೆಗಿದ್ದ ಎರಡನೆಯವನು ಕುಲೀನನಾಗಿ ಹುಟ್ಟದ ಯೋಹಾನ್ ಆಡ್ಲರ್ ಸಾಲ್ವಿಯಸ್. ಬೇಗ ಶಾಂತಿ ಬೇಕೆಂದಿದ್ದ ರಾಣಿ ನೇರವಾಗಿ ಸಾಲ್ವಿಯಸ್‌ನಿಗೆ ಪತ್ರ ಬರೆದು ತನ್ನ ಇಂಗಿತ ತಿಳಿಸಿದಳು, 1648ರಲ್ಲಿ ಅವನನ್ನು ರಾಜಪರಿಷತ್ತಿಗೂ ತಂದಳು. ಮಗನೇ, ಎಷ್ಟು ಕಡಿಮೆ ವಿವೇಕದಿಂದ ಜಗತ್ತಿನ ಆಡಳಿತ ನಡೆಯುತ್ತಿದೆ ಎಂಬುದು ನಿನಗೆ ಗೊತ್ತಿಲ್ಲವೇ ಎಂದು ತಂದೆ ಸಂಧಾನಕ್ಕೆ ಹೋದ ಮಗನಿಗೆ ಲ್ಯಾಟಿನ್ನಿನಲ್ಲಿ ಬರೆದನೆಂದು ಪ್ರತೀತಿ ಇರುವುದು ಈ ಸಂದರ್ಭಕ್ಕೆ. ಇದೇ ಮಾತನ್ನು ಬೇರೆಯವರ ಹೆಸರಿನಲ್ಲೂ ಹೇಳುವುದುಂಟು, ಆದ್ದರಿಂದ ಅವನ ವಿಚಾರವನ್ನು ಈ ಒಂದು ವಾಕ್ಯದ ಮೇಲೆ ಕಟ್ಟಬೇಡಿ.

ಮನೆತನಕ್ಕೆ ಸಿಕ್ಕದ್ದು ಹುದ್ದೆಗಳಷ್ಟೇ ಅಲ್ಲ. ಬಾಲ್ಟಿಕ್ ಸಮುದ್ರದ ಪೂರ್ವ ದಡದ ಲಿವೋನಿಯಾದಲ್ಲಿ ವೆಂಡೆನ್ ಮತ್ತು ವೊಲ್ಮಾರ್ ಸುತ್ತಲಿನ ಜಮೀನು, ವೆಸ್ಟ್‌ಮನ್‌ಲಾಂಡ್‌ನಲ್ಲಿ ಅವನೇ ಕಟ್ಟಿಸಿದ ತೀದೋ ಅರಮನೆ, ಕೊನೆಗೆ ಸೋಡರ್‌ಮೋರೆ. ಯುದ್ಧದ ಖರ್ಚಿಗಾಗಿ ರಾಜ್ಯವು ತನ್ನ ಜಮೀನುಗಳನ್ನೂ ಕಂದಾಯದ ಹಕ್ಕುಗಳನ್ನೂ ಕುಲೀನರಿಗೆ ಮಾರುತ್ತ, ದಾನ ಕೊಡುತ್ತ ಹೋಯಿತು; ಸುಂಕದ ನಗದೇ ಮೇಲು ಎಂದು ನಂಬಿದ್ದ ಒಕ್ಸೆನ್‌ಶೆರ್ನನಿಗೆ ಇದು ತಪ್ಪೆನಿಸಲಿಲ್ಲ. ಅವನ ಆರ್ಥಿಕ ವಿಚಾರದಲ್ಲಿ ದುರ್ಬಲವಾದ ಕೊಂಡಿ ಇದೇ. ಸುಂಕ ಯುದ್ಧಕಾಲದಲ್ಲಿ ಬರುತ್ತದೆ, ಒಪ್ಪಂದದಲ್ಲಿ ಹೋಗುತ್ತದೆ, ಪ್ರಷ್ಯದಲ್ಲಿ ಅವನ ಕಣ್ಣೆದುರೇ ಹೋಗಿತ್ತು. ಹೋದ ಜಮೀನು ಮಾತ್ರ ತಾನಾಗಿ ಮರಳುವುದಿಲ್ಲ. ಕುಲೀನರ ಕೈಗೆ ಹೋದ ಹಳ್ಳಿಗಳ ರೈತರು ತಮ್ಮ ಹಳೆಯ ಸ್ವಾತಂತ್ರ್ಯವೂ ಹೋದೀತೆಂದು ಹೆದರಿದರು. 1650ರ ರಿಕ್ಸ್‌ದಾಗ್‌ನಲ್ಲಿ ಪಾದ್ರಿಗಳು, ಪಟ್ಟಣಿಗರು, ರೈತರು ಒಟ್ಟಾಗಿ ಆ ಜಮೀನುಗಳನ್ನು ಮರಳಿ ರಾಜ್ಯಕ್ಕೆ ಪಡೆಯಬೇಕೆಂದು ಒತ್ತಾಯಿಸಿದರು. ಕ್ರಿಸ್ಟಿನಾ ಆ ಒತ್ತಾಯವನ್ನು ಕುಲೀನರನ್ನು ಬಗ್ಗಿಸಲು ಬಳಸಿ, ತನ್ನ ಸೋದರಸಂಬಂಧಿ ಕಾರ್ಲ್ ಗುಸ್ತಾವನ ಉತ್ತರಾಧಿಕಾರಕ್ಕೆ ಅವರ ಒಪ್ಪಿಗೆ ಪಡೆದುಕೊಂಡಳು, ಜಮೀನಿನ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟಳು.

1653ರ ಕೊನೆಗೆ ಉಪ್ಸಾಲಾಕ್ಕೆ ಬಂದ ವೈಟ್‌ಲಾಕ್ ಕಂಡದ್ದು ಎಪ್ಪತ್ತು ದಾಟಿದ, ಲ್ಯಾಟಿನ್ನಿನಲ್ಲಿ ತಾಸುಗಟ್ಟಲೆ ಮಾತಾಡಬಲ್ಲ, ಒಪ್ಪಂದದ ಒಂದೊಂದು ಅಂಶವನ್ನೂ ಎಳೆದೆಳೆದು ನೋಡುವ ಮುದುಕನನ್ನು. ಇಂಗ್ಲೆಂಡಿನೊಂದಿಗಿನ ಒಪ್ಪಂದ 1654ರ ಏಪ್ರಿಲ್‌ನಲ್ಲಿ ಮುಗಿಯಿತು. ಜೂನ್ 6ರಂದು ಕ್ರಿಸ್ಟಿನಾ ಸಿಂಹಾಸನ ತ್ಯಜಿಸಿದಳು. ಚಾನ್ಸಲರ್ ಇದನ್ನು ಕೊನೆಯವರೆಗೂ ವಿರೋಧಿಸಿದ್ದ. ಆಕೆಯ ತಲೆಯಿಂದ ಕಿರೀಟ ತೆಗೆಯಬೇಕಾಗಿದ್ದ ಉನ್ನತಾಧಿಕಾರಿ ಪೇರ್ ಬ್ರಾಹೆ ಮುಂದೆ ಬರಲಿಲ್ಲವಾಗಿ ಆಕೆಯೇ ಅದನ್ನು ತೆಗೆದಳು. ಅದೇ ಆಗಸ್ಟ್ 28ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಒಕ್ಸೆನ್‌ಶೆರ್ನ ಸ್ಟಾಕ್‌ಹೋಮ್‌ನಲ್ಲಿ ತೀರಿಕೊಂಡ. ಯೇದರ್ ಚರ್ಚಿನಲ್ಲಿ ಅವನ ಸಮಾಧಿಯಿದೆ. ಚಾನ್ಸಲರ್ ಪೀಠಕ್ಕೆ ಬಂದವನು ಅವನ ಮಗ ಎರಿಕ್, ಎರಡೇ ವರ್ಷದಲ್ಲಿ ಅವನೂ ಸತ್ತ.

ಹನ್ನೊಂದನೆಯ ಕಾರ್ಲ್ 1680ರಲ್ಲಿ ಕುಲೀನರಿಂದ ಜಮೀನು ಮರಳಿ ಪಡೆಯುವ ಕ್ರಮ ಕೈಗೊಂಡಾಗ ಕೌಂಟ್‌ಗಿರಿಯ ಆಸ್ತಿಗಳೆಲ್ಲ ರಾಜ್ಯಕ್ಕೆ ಸೇರಿದವು, 1634ರ ಶಾಸನದಲ್ಲಿದ್ದ ಪರಿಷತ್ತಿನ ಅಧಿಕಾರವೂ ಮುರಿಯಿತು. ಆ ದೊರೆ ಮುಟ್ಟದೆ ಬಿಟ್ಟದ್ದು ಕೊಲಿಜಿಯಂಗಳನ್ನು, ಜಿಲ್ಲೆಗಳನ್ನು, ನಡಾವಳಿಯ ಕ್ರಮವನ್ನು. ಪರಿಷತ್ತನ್ನು ಬದಿಗೊತ್ತಿ ಒಬ್ಬನೇ ಆಳಲು ಹೊರಟವನಿಗೂ ಅವು ಬೇಕಾದವು. ಅದೇ ವರ್ಷ ಚಾನ್ಸಲರಿಯ ಅಧ್ಯಕ್ಷನಾಗಿ ಅವನು ಆರಿಸಿಕೊಂಡದ್ದು ಬೆಂಗ್ಟ್ ಗೇಬ್ರಿಯೆಲ್ಸನ್‌ನನ್ನು, ಒಕ್ಸೆನ್‌ಶೆರ್ನ ಕುಲದವನನ್ನೇ.